ಒಂದೇ ಏಟು, ಮೂರು ತೀರ್ಪು

ಜಗಳದಲ್ಲಿ ತಲೆಗೆ ದೊಣ್ಣೆಯಿಂದ ಒಂದು ಏಟು ಬೀಳುತ್ತದೆ, ಪೆಟ್ಟು ತಿಂದವನು ಸಾಯುತ್ತಾನೆ. ಇಂಥ ಕೇಸಿಗೆ ಒಂದು ಸೆಷನ್ಸ್ ಕೋರ್ಟು ಜೀವಾವಧಿ ಕೊಡಬಹುದು, ಪಕ್ಕದ ಜಿಲ್ಲೆಯದು ಐದಾರು ವರ್ಷ, ಇನ್ನೊಂದು ಬಿಡುಗಡೆ. ಜಡ್ಜ್ ಸ್ವಭಾವವೇ ಹಾಗೆ ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಇದಕ್ಕೆ ಜಾಗ ಕಾನೂನಿನೊಳಗೇ ಇದೆ.

1860ರ ದಂಡ ಸಂಹಿತೆಯಲ್ಲಿ ಕೊಲೆಗೆ ಗಲ್ಲು, ಇಲ್ಲವೇ ಕರಿನೀರು, ಅಂದರೆ ಜೀವಾವಧಿ ಗಡಿಪಾರು. 1955ರ ತಿದ್ದುಪಡಿವರೆಗೆ ಗಲ್ಲು ಕೊಡದಿದ್ದರೆ ಜಡ್ಜ್ ಕಾರಣ ಬರೆಯಬೇಕಿತ್ತು. 1973ರ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆ, ಬಂದ ಮೇಲೆ ಗಲ್ಲು ಕೊಟ್ಟರೆ ಕಾರಣ ಬರೆಯಬೇಕಾಯಿತು. 1980ರಲ್ಲಿ ಸುಪ್ರೀಂ ಕೋರ್ಟಿನ ಬಚ್ಚನ್ ಸಿಂಗ್ ತೀರ್ಪು, ಗಲ್ಲು 'ಅಪರೂಪದಲ್ಲಿ ಅಪರೂಪ'ದ ಕೇಸಿಗೆ ಮಾತ್ರ ಎಂಬ ಅಳತೆ ಕೊಟ್ಟಿತು. ಆ ಅಳತೆಯೂ ಎಲ್ಲ ಕಡೆ ಒಂದೇ ರೀತಿ ಬಳಕೆಯಾಗಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಗಲ್ಲು ಸುದ್ದಿಯಾಗುತ್ತದೆ, ನಿಜ. ಆದರೆ ದಿನನಿತ್ಯದ ವ್ಯತ್ಯಾಸ ಹುಟ್ಟುವುದು ಆ 1860ರ ಸಂಹಿತೆಯ ಕಲಂ 302 ಮತ್ತು 304ರ ನಡುವೆ. 302 ಅಂದರೆ ಕೊಲೆ, ಕಡಿಮೆ ಅಂದರೂ ಜೀವಾವಧಿ. 304 ಅಂದರೆ ಕೊಲೆಯಲ್ಲದ ನರಹತ್ಯೆ. ಅದರ ಮೊದಲ ಭಾಗ ಉದ್ದೇಶವಿದ್ದಾಗ, ಎರಡನೆಯದು ಸಾಯಬಹುದೆಂಬ ಅರಿವು ಮಾತ್ರ ಇದ್ದಾಗ. ಎರಡನೇ ಭಾಗದಲ್ಲಿ 10 ವರ್ಷದವರೆಗೆ ಜೈಲು, ಇಲ್ಲವೇ ಬರೀ ದಂಡವೂ ಆಗಬಹುದಿತ್ತು. ಎಷ್ಟು ದೊಡ್ಡ ಅಂತರ, ಅಲ್ವಾ?

ಒಂದೇ ಏಟು ಅಂದಮಾತ್ರಕ್ಕೆ 304 ಆಗುವುದಿಲ್ಲ. 1958ರ ವಿರ್ಸಾ ಸಿಂಗ್ ಕೇಸಿನಲ್ಲಿ ಇದ್ದದ್ದೂ ಈಟಿಯ ಒಂದೇ ತಿವಿತ. ಬೇಕೆಂದೇ ಮಾಡಿದ ಗಾಯ ಸಹಜವಾಗಿ ಸಾವು ತರುವಂಥದ್ದಾದರೆ ಸಾಕು, ಕೊಲ್ಲುವ ಉದ್ದೇಶ ಬೇರೆ ಸಾಬೀತಾಗಬೇಕಿಲ್ಲ ಎಂದಿತು ಸುಪ್ರೀಂ ಕೋರ್ಟ್. ಇನ್ನೊಂದು ಕಡೆ, ಮೊದಲೇ ಯೋಚಿಸದೆ ಹಠಾತ್ ಜಗಳದಲ್ಲಿ ಹೊಡೆದು, ಕ್ರೂರವಾಗಿ ನಡೆದುಕೊಳ್ಳದಿದ್ದರೆ ಅದು ಕೊಲೆಯಲ್ಲ ಎಂಬ ವಿನಾಯಿತಿಯೂ ಇದೆ.

ಹಾಗಾದರೆ ದೊಣ್ಣೆ ಮನೆಯಿಂದ ತಂದದ್ದೋ, ಅಲ್ಲೇ ಕೈಗೆ ಸಿಕ್ಕಿದ್ದೋ? ಇದನ್ನು ಹೇಳಬೇಕಾದವರು ಸಾಕ್ಷಿಗಳು. ವಿಚಾರಣೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಎರಡೂ ಕಡೆಯವರು ಒಂದೇ ಊರಲ್ಲಿ ಬದುಕಬೇಕು. ಸಾಕ್ಷಿ ಉಲ್ಟಾ ಹೊಡೆಯುತ್ತಾನೆ. ಪೊಲೀಸರ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರು 'ಮಹಜರಿಗೆ ಠಾಣೆಯಲ್ಲೇ ಸಹಿ ಹಾಕಿಸಿಕೊಂಡರು' ಅನ್ನುತ್ತಾರೆ. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು 'ಸಾವಿಗೆ ಈ ಗಾಯವೇ ಸಾಕು' ಎಂಬ ಒಂದು ಸಾಲು ಬರೆಯದಿದ್ದರೆ 302 ಅಲುಗಾಡುತ್ತದೆ. ಉಳಿದದ್ದರಲ್ಲಿ ಜಡ್ಜ್ ತೀರ್ಪು ಬರೆಯಬೇಕು.

ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದ್ದು 2018ರಲ್ಲಿ. ತುಂಬಾ ತಡವಾಯಿತು ಅನ್ನಲೇಬೇಕು. ಶಿಕ್ಷೆಗೆ ಮಾರ್ಗಸೂಚಿ ಬೇಕೆಂದು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ಹೇಳಿತ್ತು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು 302 ಹೋಗಿ 103 ಆಯಿತು, 304 ಹೋಗಿ 105. 105ರ ಮೊದಲ ಭಾಗಕ್ಕೆ ಕನಿಷ್ಠ 5 ವರ್ಷ ಅಂತ ಸೇರಿತು. ಮಾರ್ಗಸೂಚಿ ಮಾತ್ರ ಅದರಲ್ಲೂ ಇಲ್ಲ.