ಎರಡನೇ ನಂಬರನ್ನು ಮೊದಲು ಓದಿ

ಕಳೆದ ತಿಂಗಳು ಒಬ್ಬ ಓನರ್ ಲಾರಿ ತಂದು ನಿಲ್ಲಿಸಿದರು. ಕೈಯಲ್ಲಿ ಹೊಸ ಕೂಲೆಂಟ್ (ಇಂಜಿನ್ ತಣಿಸುವ ನೀರು) ಟೆಂಪರೇಚರ್ ಸೆನ್ಸರ್, ಇನ್ನೂ ಡಬ್ಬಿ ಒಡೆದಿಲ್ಲ. ಅದು ಮೂರನೆಯದು. ಹಿಂದಿನ ಎರಡನ್ನೂ ಬೇರೆ ಬೇರೆ ಕಡೆ ಹಾಕಿಸಿದ್ದಾರೆ, ಎರಡೂ ಒಳ್ಳೆಯ ಮಾಲೇ. ಆದರೂ ಹಳದಿ ಲೈಟ್ ಆರಿಲ್ಲ, ರೇಡಿಯೇಟರ್ ಫ್ಯಾನ್ ಬೆಳಗಿನ ಚಳಿಯಲ್ಲೂ ಭರ್ರೋ ಅಂತ ತಿರುಗುತ್ತಲೇ ಇದೆ. "ಇದನ್ನೂ ಹಾಕಿ ನೋಡಿಬಿಡಿ ಸಾರ್, ಕೋಡ್ ಇದನ್ನೇ ತೋರಿಸ್ತಿದೆಯಲ್ಲ" ಎಂದರು.

ಕೋಡ್, ಅಂದರೆ ಸ್ಕ್ಯಾನರ್‌ನಲ್ಲಿ ಬರುವ ದೋಷದ ನಂಬರ್, ತೋರಿಸುತ್ತಿದ್ದದ್ದು 110, ಅದರ ಪಕ್ಕದಲ್ಲಿ 4. ನಾನು ಸೆನ್ಸರ್ ಸಾಕೆಟ್ ಬಿಚ್ಚಿಟ್ಟು, ಕೀ ಆನ್ ಮಾಡಿ ಸ್ಕ್ಯಾನರ್ ನೋಡಿದೆ. ಆಗಲೂ 110, ಆಗಲೂ 4. ಸೆನ್ಸರೇ ಇಲ್ಲದಿರುವಾಗಲೂ ಅದೇ ಕೋಡ್ ಬರುತ್ತಿದ್ದರೆ ತಪ್ಪು ಸೆನ್ಸರ್‌ದು ಹೇಗಾಗುತ್ತದೆ ಅಲ್ವಾ? ಹಾರ್ನೆಸ್, ಅಂದರೆ ವೈರಿನ ಕಟ್ಟು, ಹಿಡಿದುಕೊಂಡು ಹಿಂದಕ್ಕೆ ಹೋದರೆ ಒಂದು ಬ್ರಾಕೆಟ್ ಅಂಚಿಗೆ ವೈರ್ ಉಜ್ಜಿ ಉಜ್ಜಿ ತಾಮ್ರ ಕಾಣುತ್ತಿತ್ತು.

ಈ ಪರೀಕ್ಷೆ ಯಾಕೆ ನಡೆಯುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಕಲಿತಂತೆ, ಅದಕ್ಕೆ ಅಲ್ಲಿಂದಲೇ ಶುರು ಮಾಡುತ್ತೇನೆ. ಇಂಜಿನ್ ಕಂಪ್ಯೂಟರ್‌ಗೆ, ಅಂದರೆ ಇಸಿಎಂಗೆ, ಕಣ್ಣಿಲ್ಲ. ನೀರು ಕುದಿಯುತ್ತಿದೆಯೋ ತಣ್ಣಗಿದೆಯೋ ಅದು ನೋಡಿಲ್ಲ. ಒಂದು ವೈರಿನಲ್ಲಿ 5 ವೋಲ್ಟ್ ಬಿಡುತ್ತದೆ, ಸೆನ್ಸರ್ ಅದನ್ನು ಎಷ್ಟು ಕೆಳಗೆ ಎಳೆಯಿತು ಅಂತ ಅಳೆಯುತ್ತದೆ, ಅಷ್ಟೇ. ಟೆಂಪರೇಚರ್ ಸೆನ್ಸರ್ ತಣ್ಣಗಿದ್ದಾಗ ರೆಸಿಸ್ಟೆನ್ಸ್ ಜಾಸ್ತಿ, ಬಹಳಷ್ಟು ಸೆನ್ಸರ್‌ಗಳಲ್ಲಿ 20 ಡಿಗ್ರಿಗೆ 2000 ದಿಂದ 3000 ಓಮ್ ಆಸುಪಾಸು. ಬಿಸಿಯಾದಂತೆ ಇಳಿಯುತ್ತಾ ಇಳಿಯುತ್ತಾ 90 ಡಿಗ್ರಿ ಹೊತ್ತಿಗೆ ಕೆಲವೇ ನೂರು ಓಮ್‌ಗೆ ಬರುತ್ತದೆ, ಅದರ ಜೊತೆಗೆ ವೋಲ್ಟೇಜೂ ಇಳಿಯುತ್ತದೆ. ಈಗ ಸಾಕೆಟ್ ಬಿಚ್ಚಿದರೆ ಎಳೆಯುವವರೇ ಇಲ್ಲ, ವೈರಿನಲ್ಲಿ ಪೂರ್ತಿ 5 ವೋಲ್ಟ್ ನಿಲ್ಲುತ್ತದೆ. ಇಷ್ಟು ವೋಲ್ಟೇಜ್ ಬರಲು ಸಾಧ್ಯವೇ ಇಲ್ಲ ಅಂತ ಇಸಿಎಂ 3 ಅಂತ ಬರೆಯುತ್ತದೆ. ಅದೇ ವೈರ್ ಬಾಡಿಗೆ ತಾಗಿದರೆ ವೋಲ್ಟೇಜ್ ಸೊನ್ನೆ, ಆಗ 4. ನಮ್ಮ ಲಾರಿಯಲ್ಲಿ ಸಾಕೆಟ್ ಬಿಚ್ಚಿದ ಮೇಲೆ 4 ಹೋಗಿ 3 ಬರಬೇಕಿತ್ತು. ಬರಲಿಲ್ಲ.

ಉಲ್ಟಾನೂ ಮಾಡಬಹುದು. ಮೊದಲೇ 3 ಇದ್ದರೆ, ಬಿಚ್ಚಿದ ಸಾಕೆಟ್‌ನ ಎರಡು ಪಿನ್‌ಗಳನ್ನು ಒಂದು ಸಣ್ಣ ವೈರಿನಿಂದ ಸೇರಿಸಿ. 4 ಬಂತು ಅಂದರೆ ಸಾಕೆಟ್‌ನಿಂದ ಇಸಿಎಂವರೆಗೆ ದಾರಿ ಸರಿಯಿದೆ, ಆಗ ಹೊಸ ಸೆನ್ಸರ್ ತರಿಸಿ. ಆದರೆ ಇದು ಎರಡು ವೈರಿನ ಟೆಂಪರೇಚರ್ ಸೆನ್ಸರ್‌ಗೆ ಮಾತ್ರ. ಮೂರು ವೈರಿನ ಪ್ರೆಷರ್ ಸೆನ್ಸರ್‌ನಲ್ಲಿ ಹೀಗೆ ಕಣ್ಣುಮುಚ್ಚಿ ಸೇರಿಸಲು ಹೋಗಬೇಡಿ, ಅಲ್ಲಿ ಮೀಟರ್ ಹಿಡಿದು ಅಳೆಯಿರಿ.

ಈಗ ಆ ಎರಡು ನಂಬರಿನ ವಿಷಯ. ಹೆಚ್ಚಿನ ದೊಡ್ಡ ಡೀಸೆಲ್ ಗಾಡಿಗಳು ಎಸ್‌ಎಇ ಜೆ1939 ಅನ್ನುವ ಪದ್ಧತಿಯಲ್ಲಿ ಮಾತಾಡುತ್ತವೆ. ಅದರಲ್ಲಿ ಮೊದಲನೇ ನಂಬರ್ ಎಸ್‌ಪಿಎನ್, ಯಾವುದರ ಬಗ್ಗೆ ದೂರು ಅಂತ ಹೇಳುತ್ತದೆ. 100 ಅಂದರೆ ಆಯಿಲ್ ಪ್ರೆಷರ್, 102 ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ), 110 ಕೂಲೆಂಟ್ ಟೆಂಪರೇಚರ್, 157 ರೈಲ್ ಪ್ರೆಷರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನ ಒತ್ತಡ), 168 ಬ್ಯಾಟರಿ ವೋಲ್ಟೇಜ್. ಎರಡನೆಯದು ಎಫ್‌ಎಂಐ, ಏನು ದೂರು ಅಂತ ಹೇಳುತ್ತದೆ. ಎಲ್ಲರೂ ಮೊದಲನೆಯದನ್ನು ಓದಿ ಪಾರ್ಟ್ಸ್ ಅಂಗಡಿಗೆ ಓಡುತ್ತಾರೆ. ನಾನು ಹುಡುಗರಿಗೆ ಎರಡನೆಯದನ್ನು ಮೊದಲು ಓದಲು ಹೇಳುತ್ತೇನೆ, ಯಾಕೆಂದರೆ ಕೈಗೆ ಮಲ್ಟಿಮೀಟರ್ ತಗೋಬೇಕೋ ಸ್ಪಾನರ್ ತಗೋಬೇಕೋ ಅಂತ ಹೇಳುವುದು ಅದು.

3, 4, 5, 6 ಬಂದರೆ ಅದು ಕರೆಂಟಿನ ಜಗಳ. ವೈರ್, ಪಿನ್, ಸಾಕೆಟ್, ಇಲ್ಲವೇ ಸೆನ್ಸರ್. ಅದೇ 0, 1, 16, 18 ಬಂದರೆ ಕತೆಯೇ ಬೇರೆ: ಇಸಿಎಂ ಸೆನ್ಸರ್ ಮಾತನ್ನು ನಂಬಿದೆ, ಇಂಜಿನ್ ನಿಜವಾಗಿಯೂ ಆ ಸ್ಥಿತಿಯಲ್ಲಿದೆ ಅಂತ ಹೇಳುತ್ತಿದೆ. 0 ಮತ್ತು 16 ಮಿತಿಗಿಂತ ಮೇಲೆ, 1 ಮತ್ತು 18 ಮಿತಿಗಿಂತ ಕೆಳಗೆ. 0 ಮತ್ತು 1 ಅತಿ ಗಂಭೀರ, 16 ಮತ್ತು 18 ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. 100 ಜೊತೆ 4 ಇದ್ದರೆ ವೈರ್ ಹುಡುಕಿ. 100 ಜೊತೆ 1 ಇದ್ದರೆ ಇಂಜಿನ್ ಆ ಕ್ಷಣ ಆಫ್ ಮಾಡಿ, ಆಯಿಲ್ ಕಡ್ಡಿ ನೋಡಿ, ಬೇರೆ ಗೇಜ್ ಹಾಕಿ ಪ್ರೆಷರ್ ನೋಡುವವರೆಗೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಮೊದಲನೇ ನಂಬರ್ ಒಂದೇ, ಮಾಡುವ ಕೆಲಸ ಪೂರ್ತಿ ಬೇರೆ. 2 ಅಂದರೆ ಲೆಕ್ಕ ಕೂಡುತ್ತಿಲ್ಲ, ರೀಡಿಂಗ್ ಕುಣಿಯುತ್ತಿದೆ. ನನ್ನ ಅನುಭವದಲ್ಲಿ ಲೂಸ್ ಪಿನ್ ಮತ್ತು ಹಸಿರು ಕಿಲುಬು ಜಾಸ್ತಿ ಸಿಗುವುದು ಇಲ್ಲೇ. 7 ಅಂದರೆ ಇಸಿಎಂ ಆರ್ಡರ್ ಕೊಟ್ಟಿದೆ, ಆ ಭಾಗ ಅಲ್ಲಾಡಿಲ್ಲ. ಮಸಿ ಹಿಡಿದು ಸಿಕ್ಕಿಕೊಂಡ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಇಂಜಿನ್‌ಗೇ ವಾಪಸ್ ಬಿಡುವುದು) ಇದಕ್ಕೆ ಹಳೆಯ ಗಿರಾಕಿ.

ಪಿ ಇಂದ ಶುರುವಾಗುವ ಕೋಡ್ ಬರುವ ಗಾಡಿಗಳಲ್ಲೂ ಇದೇ ತರ್ಕ. ಪಿ 0087 ಅಂದರೆ ರೈಲ್ ಪ್ರೆಷರ್ ಕಡಿಮೆ, ಪಿ 0299 ಅಂದರೆ ಬೂಸ್ಟ್ ಸಾಲುತ್ತಿಲ್ಲ. ಎರಡೂ ಸೆನ್ಸರ್ ಮೇಲಿನ ದೂರಲ್ಲ, ಇಂಜಿನ್ ಮೇಲಿನ ದೂರು.

ಡ್ರೈವರ್‌ಗಳು ಫೋನ್ ಮಾಡಿ ಕೇಳುವುದು ಇಷ್ಟೆಲ್ಲ ಅಲ್ಲ ಬಿಡಿ. "ಲೈಟ್ ಬಂದಿದೆ ಅಣ್ಣ, ಓಡಿಸ್ಲಾ?" ಅಷ್ಟೇ. ಕೆಂಪು ಬಂದರೆ ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿ, ಮುಂದಿನ ಮಾತು ಆಮೇಲೆ. ಹಳದಿ ಬಂದರೆ ಮೊದಲು ಆಯಿಲ್ ಪ್ರೆಷರ್ ಮತ್ತು ಟೆಂಪರೇಚರ್ ಮುಳ್ಳು ನೋಡಿ, ಹೊಸ ಸದ್ದೋ ಹೊಗೆಯೋ ಇದೆಯಾ ಗಮನಿಸಿ, ಏನೂ ಇಲ್ಲದಿದ್ದರೆ ನಿಧಾನಕ್ಕೆ ಗ್ಯಾರೇಜ್‌ವರೆಗೆ ಬರಬಹುದು. ಇನ್ನೊಂದು, ಕೀ ಆನ್ ಮಾಡಿದಾಗ ಈ ಲೈಟ್‌ಗಳು ಒಂದೆರಡು ಕ್ಷಣ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಗಾಡಿ ಆರೋಗ್ಯವಾಗಿದೆ ಅಂತಲ್ಲ, ಹಿಂದಿನ ಯಾರೋ ಲೈಟನ್ನೇ ಕಿತ್ತಿರಬಹುದು. ನಾನು ಕಂಡಿದ್ದೇನೆ, ಕಪ್ಪು ಟೇಪ್ ಅಂಟಿಸಿದ್ದನ್ನೂ ಕಂಡಿದ್ದೇನೆ.

ಗ್ಯಾರೇಜ್‌ಗೆ ಬಂದ ಮೇಲೆ ನನಗೆ ಸಿಟ್ಟು ಬರುವ ಕೆಲಸ ಒಂದಿದೆ. ಸ್ಕ್ಯಾನರ್ ಚುಚ್ಚಿದ ತಕ್ಷಣ ಕೋಡ್ ಅಳಿಸಿಬಿಡುವುದು. "ಅಳಿಸಿದೆ ಸಾರ್, ಮತ್ತೆ ಬರುತ್ತಾ ನೋಡೋಣ" ಅಂತಾರೆ. ಅಲ್ಲಪ್ಪ, ಆ ಕೋಡ್ ಎಷ್ಟು ಸಲ ಬಂದಿದೆ, ಈಗ ಆಕ್ಟಿವ್ ಇದೆಯೋ ಹಿಂದೆ ಬಂದು ಹೋದದ್ದೋ, ಬಂದಾಗ ಇಂಜಿನ್ ಎಷ್ಟು ಸುತ್ತುತ್ತಿತ್ತು, ಲೋಡ್ ಎಷ್ಟಿತ್ತು, ನೀರಿನ ಬಿಸಿ ಎಷ್ಟಿತ್ತು, ಇದೆಲ್ಲ ಒಳಗೆ ಕೂತಿರುತ್ತದೆ. ಒಂದು ಬಟನ್ ಒತ್ತಿ ಎಲ್ಲ ಸಾಕ್ಷಿ ತೊಳೆದುಬಿಟ್ಟರೆ ಆಮೇಲೆ ಹುಡುಕುವುದು ಏನನ್ನು? ಬರೆದುಕೊಳ್ಳಿ, ಇಲ್ಲವೇ ಫೋನಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಬೇಕಾದರೆ ಅಳಿಸಿ.

ಬೆಳಿಗ್ಗೆ ಮಾಡುವ ಒಂದು ಪರೀಕ್ಷೆ ಇದೆ. ಇದಕ್ಕೆ ದುಡ್ಡು ಬೇಡ, ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ಕಂಡರೆ ಸಾಕು. ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿ, ಸ್ಟಾರ್ಟ್ ಮಾಡಬೇಡಿ, ಕೀ ಮಾತ್ರ ಆನ್ ಮಾಡಿ. ಈಗ ಕೂಲೆಂಟ್, ಆಯಿಲ್, ಡೀಸೆಲ್, ಒಳಗೆ ಬರುವ ಗಾಳಿ, ಎಲ್ಲದರ ಟೆಂಪರೇಚರ್ ಹೆಚ್ಚುಕಮ್ಮಿ ಒಂದೇ ಇರಬೇಕು. ಮೂರು 22, 23 ಅಂತಿದ್ದು ಒಂದು ಮಾತ್ರ 41 ಅಂದರೆ ಅದು ಸುಳ್ಳು ಹೇಳುತ್ತಿದೆ, ಕೋಡ್ ಬರದಿದ್ದರೂ ಸರಿ. ಆಯಿಲ್ ಪ್ರೆಷರ್ ಸೊನ್ನೆ ಇರಬೇಕು. ರೈಲ್ ಪ್ರೆಷರ್ ಸೊನ್ನೆ ಹತ್ತಿರ ಇರಬೇಕು. ಸೈಲೆನ್ಸರ್ ಕಡೆ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್‌ನ ಆಚೆಈಚೆಯ ಪ್ರೆಷರ್ ವ್ಯತ್ಯಾಸವೂ ಸೊನ್ನೆ, ಯಾಕೆಂದರೆ ಹೊಗೆ ಹರಿಯುತ್ತಲೇ ಇಲ್ಲವಲ್ಲ. ಬೂಸ್ಟ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಇಂಜಿನ್ ಸತ್ತಿರುವಾಗ ಉತ್ತರ ನಮಗೆ ಮೊದಲೇ ಗೊತ್ತು, ಅದಕ್ಕೇ ಸೆನ್ಸರ್ ಸತ್ಯ ಹೇಳುತ್ತಿದೆಯಾ ಅಂತ ಹಿಡಿಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕೋಡ್ ಇಲ್ಲದೆ ಪಿಕಪ್ ಇಲ್ಲ ಅಂತ ಬಂದ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಕೆಲವೊಮ್ಮೆ ಹತ್ತು ಹದಿನೈದು ಕೋಡ್ ಒಟ್ಟಿಗೆ ಬಂದಿರುತ್ತವೆ, ಓನರ್ ಮುಖ ಬಿಳುಚಿಕೊಂಡಿರುತ್ತದೆ. ನನಗೆ ಆಗಲೇ ಸಮಾಧಾನ. ಹದಿನೈದು ಸಾಮಾನು ಒಂದೇ ದಿನ ಕೆಡುವುದಿಲ್ಲ, ಅವೆಲ್ಲಕ್ಕೂ ಸೇರಿದ ಒಂದೇನೋ ಕೆಟ್ಟಿದೆ. ಹಲವು ಸೆನ್ಸರ್‌ಗಳು ಒಂದೇ 5 ವೋಲ್ಟ್ ಲೈನ್ ಹಂಚಿಕೊಂಡಿರುತ್ತವೆ, ಅದರಲ್ಲಿ ಒಂದು ಒಳಗೇ ಶಾರ್ಟ್ ಆದರೆ ಇಡೀ ಲೈನ್ ಕುಸಿಯುತ್ತದೆ, ಮಿಕ್ಕವೂ ಕೆಟ್ಟಂತೆ ಕಾಣುತ್ತವೆ. ಆ ಲೈನಿಗೆ ಮೀಟರ್ ಇಟ್ಟು ಸಾಕೆಟ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ ಕಳ್ಳ ಅದೇ. ಅದಕ್ಕೂ ಮೊದಲು ಬ್ಯಾಟರಿ ಮತ್ತು ಅರ್ಥ್ ನೋಡಿ. 24 ವೋಲ್ಟ್ ಗಾಡಿಯಲ್ಲಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 18 ಕ್ಕಿಂತ ಕೆಳಗೆ ಬಿದ್ದರೆ ಇಸಿಎಂ ತಲೆ ತಿರುಗಿ ಏನೇನೋ ಬರೆದಿಡುತ್ತದೆ. ಅರ್ಥ್ ವೈರನ್ನು ಕಣ್ಣಲ್ಲಿ ನೋಡಿ ಸರಿಯಿದೆ ಅನ್ನಬೇಡಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕೋ ಲೂಸ್ ಬೋಲ್ಟೋ ಇದೆ.

ಒಂದು ಯೂನಿಟ್ ಇನ್ನೊಂದರ ಜೊತೆ ಮಾತಾಡುತ್ತಿಲ್ಲ ಅನ್ನುವ ಕೋಡ್‌ಗಳಿಗೂ ಒಂದು ಸುಲಭದ ಅಳತೆ ಇದೆ. ಬ್ಯಾಟರಿ ಬಿಚ್ಚಿ, ಡಯಾಗ್ನೋಸ್ಟಿಕ್ ಸಾಕೆಟ್‌ನ ಕ್ಯಾನ್ ಹೈ ಮತ್ತು ಕ್ಯಾನ್ ಲೋ (ಯೂನಿಟ್‌ಗಳು ಮಾತಾಡಿಕೊಳ್ಳುವ ಎರಡು ವೈರ್) ಮಧ್ಯೆ ಓಮ್ ನೋಡಿ. ಒಂಬತ್ತು ಪಿನ್ನಿನ ದುಂಡು ಸಾಕೆಟ್ ಆದರೆ ಸಿ ಮತ್ತು ಡಿ ಪಿನ್. ಲೈನಿನ ಎರಡು ತುದಿಗೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ. ಸೊನ್ನೆ ಹತ್ತಿರ ಬಂದರೆ ಎರಡೂ ವೈರ್ ಒಂದಕ್ಕೊಂದು ತಾಗಿವೆ.

ರೈಲ್ ಪ್ರೆಷರ್ ಕಡಿಮೆ ಅನ್ನುವ ಕೋಡ್ ಬಂದಾಗ ಹೈ ಪ್ರೆಷರ್ ಪಂಪ್ ಬಿಚ್ಚುವ ಆತುರ ಎಲ್ಲರಿಗೂ. ಮೊದಲು ಅಗ್ಗದ ಕಡೆಯಿಂದ ಬನ್ನಿ: ಡೀಸೆಲ್ ಫಿಲ್ಟರ್, ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯಾ, ಲೋ ಪ್ರೆಷರ್ ಕಡೆ ಸಪ್ಲೈ ಎಷ್ಟಿದೆ. ಸಪ್ಲೈ ಪೈಪಿಗೆ ಒಂದು ತುಂಡು ಪಾರದರ್ಶಕ ಹೋಸ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಆಮೇಲೆ ಇಂಜೆಕ್ಟರ್‌ಗಳ ರಿಟರ್ನ್, ಅಂದರೆ ವಾಪಸ್ ಹೋಗುವ ಡೀಸೆಲ್, ಅಳೆಯಿರಿ, ಒಂದು ಇಂಜೆಕ್ಟರ್ ಸೋರುತ್ತಿದ್ದರೂ ರೈಲ್ ತುಂಬುವುದಿಲ್ಲ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೆ ಇಂಜಿನ್‌ಗಳಲ್ಲಿ ಯಾವ ಸಿಲಿಂಡರ್ ಮಿಸ್ ಅಂತ ತಿಳಿಯಲು ನಾವು ಇಂಜೆಕ್ಟರ್ ಪೈಪ್ ಲೂಸ್ ಮಾಡುತ್ತಿದ್ದೆವು. ಕಾಮನ್ ರೈಲ್ ಇಂಜಿನ್ ಓಡುತ್ತಿರುವಾಗ ಅದನ್ನು ಯಾವತ್ತೂ ಮಾಡಬೇಡಿ. ಒಳಗೆ 1600 ಬಾರ್, ಕೆಲವದರಲ್ಲಿ 2500 ಬಾರ್‌ವರೆಗೂ ಹೋಗುತ್ತದೆ, ಕೂದಲೆಳೆಯಷ್ಟು ಸಂದಿಯಿಂದ ಬಂದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಕೈ ಕೊಳೆಯುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ನೇರ ಆಸ್ಪತ್ರೆಗೆ ಓಡಬೇಕು.

ಸೈಲೆನ್ಸರ್ ಕಡೆಯ ಕೋಡ್‌ಗಳು ಈಗ ಜಾಸ್ತಿ. ಡಿಪಿಎಫ್ ತುಂಬಿದೆ ಅಂತ ಪದೇ ಪದೇ ಬಂದರೆ ಮೊದಲು ಆ ಪ್ರೆಷರ್ ಸೆನ್ಸರ್‌ಗೆ ಹೋಗುವ ಎರಡು ಸಣ್ಣ ಹೋಸ್ ನೋಡಿ. ಬಿರುಕು ಬಿಟ್ಟಿರುತ್ತವೆ, ಒಳಗೆ ನೀರು ನಿಂತಿರುತ್ತದೆ, ಒಮ್ಮೊಮ್ಮೆ ಯಾರೋ ಅದಲು ಬದಲು ಹಾಕಿರುತ್ತಾರೆ. ಹೋಸ್ ಸರಿಯಿದ್ದು ನಿಜವಾಗಿಯೂ ಮಸಿ ತುಂಬುತ್ತಿದ್ದರೆ ರೀಜನ್ (ಫಿಲ್ಟರ್‌ನ ಮಸಿ ಸುಡುವುದು) ಮಾಡಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ, ಅಷ್ಟು ಮಸಿ ಯಾಕೆ ಬರುತ್ತಿದೆ ಅಂತ ಮುಂದೆ ಹುಡುಕಿ. ಟರ್ಬೊ ಹೋಸ್ ಹರಿದಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು. ಇನ್ನು ಎಸ್‌ಸಿಆರ್, ಅಂದರೆ ಹೊಗೆಯಲ್ಲಿನ ನಾಕ್ಸ್ ಅನಿಲ ಕಡಿಮೆ ಮಾಡುವ ಭಾಗ, ಅದರ ಕೆಲಸ ಸಾಲುತ್ತಿಲ್ಲ ಅನ್ನುವ ಕೋಡ್. ಒಂದು ಕಡೆ ದುಬಾರಿ ನಾಕ್ಸ್ ಸೆನ್ಸರ್ ಎರಡೂ ಬದಲಿಸಿ ಸೋತ ಗಾಡಿ ನನ್ನ ಹತ್ತಿರ ಬಂತು. ಟ್ಯಾಂಕಿನ ಡಿಇಎಫ್ (ಎಸ್‌ಸಿಆರ್‌ಗೆ ಹಾಕುವ ಯೂರಿಯಾ ದ್ರಾವಣ) ಒಂದು ಹನಿಯನ್ನು, ಅದು ಎಷ್ಟು ಗಟ್ಟಿ ಅಂತ ತೋರಿಸುವ ರಿಫ್ರಾಕ್ಟೋಮೀಟರ್‌ಗೆ ಹಾಕಿದೆ. ಯೂರಿಯಾ 32.5 ಶೇಕಡಾ ಇರಬೇಕಾದ್ದು ಅದರ ಹತ್ತಿರಕ್ಕೂ ಇರಲಿಲ್ಲ. ಯಾರೋ ನೀರು ಸೇರಿಸಿದ್ದರು.

ಆ ಗಾಡಿಯ ಟ್ಯಾಂಕ್ ತೊಳೆದು ಒಳ್ಳೆಯ ಡಿಇಎಫ್ ಹಾಕಿದೆವು. ಲೈಟ್ ಆರಲಿಲ್ಲ. ಡ್ರೈವರ್ ನನ್ನ ಮುಖ ನೋಡಿದ. ಈ ತರಹದ ಕೋಡ್ ನಿಂತಲ್ಲೇ ಹೋಗುವುದಿಲ್ಲ, ಸೈಲೆನ್ಸರ್ ಸರಿಯಾಗಿ ಬಿಸಿಯಾಗಿ, ಇಸಿಎಂ ತನ್ನ ಪರೀಕ್ಷೆಯನ್ನು ತಾನೇ ಮತ್ತೆ ನಡೆಸಿ, ಪಾಸ್ ಅಂತ ಆಗಬೇಕು. ಕೆಲವು ಗಾಡಿಗಳಲ್ಲಿ ಅದು ಒಂದಕ್ಕಿಂತ ಹೆಚ್ಚು ಸಲ ಪಾಸಾಗಬೇಕು. ಲೋಡ್ ಹಾಕಿಕೊಂಡು ಹೋಗು, ಸುಮ್ನೆ ಐಡ್ಲಿಂಗ್‌ನಲ್ಲಿ ನಿಲ್ಲಿಸಿ ಕಾಯಬೇಡ ಅಂದೆ. ಮಾರನೇ ದಿನ ಸಂಜೆ ಡ್ಯಾಶ್‌ಬೋರ್ಡ್ ಫೋಟೋ ಕಳಿಸಿದ, ಲೈಟ್ ಇಲ್ಲ.