ಜೆಟ್ ಬಿಚ್ಚುವ ಮೊದಲು

ಒಂದು ಎಂಜಿನ್‌ನಿಂದ ಕಳಚಿದ ಕ್ವಾಡ್ರಾಜೆಟ್ ಕಾರ್ಬೊರೇಟರನ್ನು (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಸಾಧನ) ಇನ್ನೊಂದಕ್ಕೆ ಕೂರಿಸಲು ಹೊರಟವರು ನನ್ನ ಶೆಡ್ಡಿಗೆ ಬಂದೊಡನೆ ಕೇಳುವುದು ಒಂದೇ ಪ್ರಶ್ನೆ: ಯಾವ ನಂಬರಿನ ಜೆಟ್ ಹಾಕಬೇಕು? ಜೆಟ್ ಎಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಬಿರಡೆ. ಎಂಜಿನ್‌ನ ಕವಾಟಗಳನ್ನು ತೆರೆಯುವ ಕ್ಯಾಮ್ ಯಾವುದು, ನಿಧಾನ ಓಟದಲ್ಲಿ ಎಂಜಿನ್ ಗಾಳಿ ಹೀರುವ ಎಳೆತ, ಅಂದರೆ ವ್ಯಾಕ್ಯೂಮ್, ಎಷ್ಟು ಎಂದು ನಾನು ತಿರುಗಿ ಕೇಳಿದರೆ ಮುಖ ಸಪ್ಪಗಾಗುತ್ತದೆ.

ಜನರಲ್ ಮೋಟರ್ಸ್‌ನ ರೋಚೆಸ್ಟರ್ ವಿಭಾಗ 1965ರಲ್ಲಿ ಹೊರತಂದ ಈ ಕಾರ್ಬೊರೇಟರಿನ ಮುಂದಿನ ಎರಡು ಬ್ಯಾರಲ್‌ಗಳು, ಅಂದರೆ ಗಾಳಿ ಹೋಗುವ ಕೊಳವೆಗಳು, ಸಣ್ಣವು, ಸುಮಾರು 35 ಮಿಲಿಮೀಟರ್. ಹಿಂದಿನವೆರಡು 57 ಮಿಲಿಮೀಟರಿನ ಹಂಡೆಬಾಯಿಗಳು. ನಿಮಿಷಕ್ಕೆ 750 ಘನ ಅಡಿ ಗಾಳಿ ಬಿಡಬಲ್ಲದು ಎಂದು ಕೇಳಿದವರು ಬೆದರುತ್ತಾರೆ. 350 ಘನ ಅಂಗುಲದ ಷೆವರ್ಲೆ ಎಂಜಿನ್ ನಿಮಿಷಕ್ಕೆ 5,500 ಸುತ್ತಿನಲ್ಲಿ, ನೂರಕ್ಕೆ 85ರಷ್ಟು ತುಂಬಿಕೊಂಡರೂ, ಸುಮಾರು 475 ಘನ ಅಡಿಯನ್ನಷ್ಟೇ ಎಳೆಯುತ್ತದೆ, ನಿಜ. ಆದರೆ ಹಿಂದಿನ ಬ್ಯಾರಲ್‌ಗಳ ಮೇಲೆ ಗಾಳಿಯ ಎಳೆತಕ್ಕೆ ತಕ್ಕಷ್ಟೇ ತೆರೆಯುವ ಒಂದು ಕವಾಟವಿದೆ. ಎಂಜಿನ್ ಕೇಳದ ಗಾಳಿಯನ್ನು ಅದು ಒಳಗೆ ಬಿಡುವುದಿಲ್ಲ. ಆದ್ದರಿಂದ ಗಾತ್ರದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಬ್ಬರು ಪಾಂಟಿಯಾಕ್ 400ರ ಕ್ವಾಡ್ರಾಜೆಟ್ಟನ್ನು ತಮ್ಮ ಷೆವರ್ಲೆ 350ಕ್ಕೆ ಕೂರಿಸಿ ತಂದರು. ಪಾಂಟಿಯಾಕ್‌ನದರಲ್ಲಿ ಪೆಟ್ರೋಲ್ ಬರುವ ಬಾಯಿ ನೇರ ಮುಂದಕ್ಕೆ, ಷೆವರ್ಲೆಯದರಲ್ಲಿ ಪಕ್ಕಕ್ಕೆ. ಪೈಪನ್ನು ಅವರು ಅಚ್ಚುಕಟ್ಟಾಗಿಯೇ ಬಗ್ಗಿಸಿದ್ದರು. ಊರೊಳಗೆ ಓಡಿಸಿದರೆ ಮಾತ್ರ ಪ್ಲಗ್‌ಗಳಿಗೆ ಕಾಡಿಗೆ ಹಿಡಿಯುತ್ತಿತ್ತು. ಜೆಟ್‌ಗಳನ್ನು ಮೂರು ಸಲ ಸಣ್ಣದು ಮಾಡಿದ್ದರು. ಮೂರನೆಯ ಸಲ ಹೆದ್ದಾರಿಯಲ್ಲಿ ಗಾಡಿ ಜಗ್ಗತೊಡಗಿತು, ಪ್ಲಗ್ ಕಪ್ಪಾಗುವುದಂತೂ ನಿಲ್ಲಲಿಲ್ಲ.

ವ್ಯಾಕ್ಯೂಮ್ ಅಳೆಯುವ ಗೇಜಿನ ರಬ್ಬರ್ ನಳಿಕೆಯನ್ನು ಉದ್ದ ಮಾಡಿ ಕಾರಿನೊಳಗೆ ಎಳೆದುಕೊಂಡು ಒಂದು ಸುತ್ತು ಹೋಗಿ ಬಂದೆವು. ಊರೊಳಗಿನ ಓಟದಲ್ಲಿ ವ್ಯಾಕ್ಯೂಮ್ 11 ಅಂಗುಲ (ಪಾದರಸದ ಅಳತೆಯಲ್ಲಿ). ಬಿರುಸಾದ ಕ್ಯಾಮ್ ಹಾಕಿದರೆ ಹೀಗೆ ಕುಸಿಯುವುದು ಸಹಜ. ಮುಂದಿನ ಎರಡು ಜೆಟ್‌ಗಳೊಳಗೆ ಒಂದೊಂದು ಕಡ್ಡಿ ಇಳಿದಿರುತ್ತದೆ; ಕಡ್ಡಿಯ ಮೇಲ್ಭಾಗ ದಪ್ಪ, ತುದಿ ಸಪೂರ. ವ್ಯಾಕ್ಯೂಮ್ ಚೆನ್ನಾಗಿದ್ದಾಗ, ಆ ಎಳೆತಕ್ಕೆ ಕೆಳಗಿಳಿಯುವ ಪವರ್ ಪಿಸ್ಟನ್ ಎಂಬ ಭಾಗ ಕಡ್ಡಿಗಳನ್ನು ಕೆಳಗೆ ಹಿಡಿದು ಪೆಟ್ರೋಲಿಗೆ ಕಡಿವಾಣ ಹಾಕುತ್ತದೆ. ವ್ಯಾಕ್ಯೂಮ್ ಇಳಿದರೆ ಅಡಿಯ ಸ್ಪ್ರಿಂಗ್ ಅವನ್ನು ಮೇಲೆತ್ತುತ್ತದೆ. ಕಾರ್ಬೊರೇಟರನ್ನು ಬಿಚ್ಚಿ ಕೈಪಂಪಿನಿಂದ ಪರೀಕ್ಷಿಸಿದಾಗ ಈ ಸ್ಪ್ರಿಂಗ್ 12 ಅಂಗುಲದಲ್ಲೇ ಪಿಸ್ಟನ್ನನ್ನು ಎತ್ತುತ್ತಿತ್ತು. ಅಂದರೆ ಹಾಲು ತರಲು ಹೋಗುವಾಗಲೂ ಎಂಜಿನ್ ಗುಡ್ಡ ಹತ್ತುವಾಗಿನ ಊಟವನ್ನೇ ಉಣ್ಣುತ್ತಿತ್ತು. ಮೆದುವಾದ ಸ್ಪ್ರಿಂಗ್ ಹಾಕಿ, ಅವರು ಕಿತ್ತಿಟ್ಟಿದ್ದ ಮೂಲ ಜೆಟ್‌ಗಳನ್ನೇ ಮತ್ತೆ ಕೂರಿಸಿದೆ.

ಜೆಟ್ ಬದಲಿಸಲೇಬೇಕಾದರೆ ಲೆಕ್ಕ ಹಾಕಬೇಕಾದದ್ದು ಅಡ್ಡಳತೆಯ ವ್ಯತ್ಯಾಸವನ್ನಲ್ಲ, ಜೆಟ್ಟಿಗೂ ಕಡ್ಡಿಗೂ ನಡುವೆ ಉಳಿಯುವ ಉಂಗುರದ ವಿಸ್ತೀರ್ಣವನ್ನು. ನಂಬರು ಎಂದರೆ ಅಂಗುಲದ ಸಾವಿರದ ಲೆಕ್ಕದಲ್ಲಿ ಅಡ್ಡಳತೆ. 72ರ ಜೆಟ್ಟಿಗೆ 44ರ ಕಡ್ಡಿ, 75ರ ಜೆಟ್ಟಿಗೆ 47ರ ಕಡ್ಡಿ: ಎರಡರಲ್ಲೂ ವ್ಯತ್ಯಾಸ 28. ಆದರೆ ವರ್ಗ ಮಾಡಿ ಕಳೆದರೆ ಮೊದಲನೆಯದು 3,248, ಎರಡನೆಯದು 3,416. ನೂರಕ್ಕೆ ಐದರಷ್ಟು ಹೆಚ್ಚು ಪೆಟ್ರೋಲಿಗೆ ದಾರಿ ಸಿಕ್ಕಿತು. ಹಿಂದಿನ ಬ್ಯಾರಲ್‌ಗಳ ಜೆಟ್‌ಗಳಂತೂ ಬಿಚ್ಚಲು ಬರುವಂಥವಲ್ಲ, ಅಲ್ಲಿ ಕಡ್ಡಿಗಳನ್ನಷ್ಟೇ ಬದಲಿಸಬೇಕು.

ಪೆಡಲನ್ನು ಪೂರ್ತಿ ಒತ್ತಿದಾಗ ಗಾಡಿ ಒಂದು ಕ್ಷಣ ಮುಗ್ಗರಿಸಿದರೂ ನಾನು ಜೆಟ್ ಮುಟ್ಟುವುದಿಲ್ಲ. ಗಾಳಿ ಕವಾಟ ತಟ್ಟನೆ ತೆರೆದುಕೊಳ್ಳದಂತೆ ತಡೆಯುವ ರಬ್ಬರ್ ಪೊರೆ, ಡಯಾಫ್ರಾಮ್, ಹರಿದಿದೆಯೇ ನೋಡುತ್ತೇನೆ. ಹಳೆಯ ಕಾರ್ಬೊರೇಟರುಗಳಲ್ಲಿ ಬಹಳ ಸಲ ಹರಿದೇ ಇರುತ್ತದೆ. ಅದು ಸರಿಯಿದ್ದರೆ ಕವಾಟದ ಸ್ಪ್ರಿಂಗನ್ನು ಪೂರ್ತಿ ಸಡಿಲಿಸಿ, ಪಿನ್ನಿಗೆ ತಾಕಿದಲ್ಲಿಂದ ಅರ್ಧ ಸುತ್ತು ಬಿಗಿದು ರಸ್ತೆಗೆ ಇಳಿಯುತ್ತೇನೆ. ಅಲ್ಲಿಂದಾಚೆ ಒಂದು ಸಲಕ್ಕೆ ಎಂಟನೆಯ ಒಂದು ಸುತ್ತು, ಅಷ್ಟೆ.

ಇವೆಲ್ಲಕ್ಕೂ ಮೊದಲು ಕಾರ್ಬೊರೇಟರಿನ ಅಡಿಯಲ್ಲಿ ಪೆಟ್ರೋಲ್ ಗುಂಡಿಗಳನ್ನು ಮುಚ್ಚುವ ಬಾವಿ ಬಿರಡೆಗಳು ಸೋರುತ್ತಿವೆಯೇ, ಪೆಟ್ರೋಲಿನ ಮಟ್ಟ ಕಾಯುವ ತೇಲುಬುರುಡೆ, ಫ್ಲೋಟ್, ಪೆಟ್ರೋಲ್ ಹೀರಿ ಭಾರವಾಗಿದೆಯೇ ಎಂದು ನೋಡಿಕೊಂಡಿರಬೇಕು. ತೂತು ಮಡಕೆಗೆ ಅಳತೆ ಮಾಡಿ ನೀರು ಹೊಯ್ಯುವ ಕೆಲಸ ಯಾರಿಗೆ ಬೇಕು?

ಆ ಷೆವರ್ಲೆಯವರು ಕೊಂಡು ತಂದಿದ್ದ ಮೂರು ಜೊತೆ ಜೆಟ್‌ಗಳನ್ನು ವಾಪಸ್ ಒಯ್ಯಲಿಲ್ಲ. ಈಗ ಅವು ನನ್ನ ಡಬ್ಬಿಯಲ್ಲಿವೆ.