ಸೀತಾಳೆ ದಂಡೆ: ಗಿಡವೇ ಕಟ್ಟಿಕೊಡುವ ಮಾಲೆ

ಮೇ ತಿಂಗಳ ಕೊನೆಗೆ, ಒಂದೆರಡು ಮಳೆ ಬಿದ್ದ ಮೇಲೆ, ಮಲೆನಾಡಿನ ಯಾವುದಾದರೂ ಹಳೇ ಮಾವಿನ ಮರವನ್ನೋ ಹಲಸಿನ ಮರವನ್ನೋ ಸುಮ್ನೆ ತಲೆ ಎತ್ತಿ ನೋಡಿ. ಅದೃಷ್ಟ ಇದ್ದರೆ ಕೊಂಬೆಯಿಂದ ಮೊಳದುದ್ದದ ಹೂಗೊಂಚಲು ಇಳಿಬಿದ್ದಿರುತ್ತದೆ. ಬಿಳಿ ಎಸಳು, ಅದರ ಮೇಲೆ ನೇರಳೆ ಚುಕ್ಕಿ, ನಡುವೆ ಗಾಢ ಗುಲಾಬಿ ಬಣ್ಣದ ತುಟಿ. ಒಂದೇ ಗೊಂಚಲಿನಲ್ಲಿ ನೂರಕ್ಕೂ ಜಾಸ್ತಿ ಹೂ ಇರಬಹುದು. ಇದೇ ಸೀತಾಳೆ ದಂಡೆ. ವನವಾಸದಲ್ಲಿ ಸೀತೆ ಮುಡಿದ ಹೂವು ಅಂತ ನಂಬಿಕೆ. ಕಾಡಿನಲ್ಲಿ ಮಲ್ಲಿಗೆ ಕಟ್ಟಿಕೊಡುವವರು ಯಾರಿದ್ದರು ಹೇಳಿ? ಇದಾದರೆ ದಾರವೂ ಬೇಡ, ಗಿಡವೇ ಕಟ್ಟಿಟ್ಟಿರುತ್ತದೆ.

ವಿಜ್ಞಾನಿಗಳ ಲೆಕ್ಕದಲ್ಲಿ ಇದು ರಿಂಕೋಸ್ಟೈಲಿಸ್ ರೆಟುಸಾ ಎಂಬ ಆರ್ಕಿಡ್. ಶ್ರೀಲಂಕಾದಿಂದ ಫಿಲಿಪ್ಪೀನ್ಸ್‌ವರೆಗೆ ಹರಡಿದೆ. ನಮ್ಮಲ್ಲಿ ಮುಡಿಗೇರಿದ ಹಾಗೆಯೇ ದೂರದ ಅಸ್ಸಾಮಿನಲ್ಲೂ ಏರಿದೆ. ಅಲ್ಲಿ ಇದರ ಹೆಸರು ಕೊಪೌ. ಏಪ್ರಿಲ್ ಮಧ್ಯದಲ್ಲಿ ಅಲ್ಲಿನ ಹೊಸವರ್ಷದ ಹಬ್ಬ ಬೊಹಾಗ್ ಬಿಹು ಬರುವ ಹೊತ್ತಿಗೆ ಅಲ್ಲಿ ಹೂ ಬಿಟ್ಟಿರುತ್ತದೆ. ಮುಗಾ ರೇಷ್ಮೆ ಉಟ್ಟು ಕುಣಿಯುವ ಹುಡುಗಿಯರ ತುರುಬಿನಲ್ಲಿ ಕೊಪೌ ಇಲ್ಲದಿದ್ದರೆ ಬಿಹು ಕುಣಿತ ಅಂತ ಅನಿಸುವುದೇ ಇಲ್ಲ. ಅಸ್ಸಾಮಿಗೂ ಪಕ್ಕದ ಅರುಣಾಚಲಕ್ಕೂ ಇದೇ ರಾಜ್ಯಪುಷ್ಪ.

ಮರದ ಮೇಲೆ ಬೆಳೆಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಇದನ್ನು ಬಂದಳಿಕೆ ಅಂದುಕೊಂಡು ಕತ್ತಿಯಲ್ಲಿ ಸವರಿ ಹಾಕುವವರಿದ್ದಾರೆ. ಪಾಪದ ಗಿಡ. ಬಂದಳಿಕೆ ಕೊಂಬೆಯೊಳಗೆ ಬೇರಿಳಿಸಿ ಮರದ ರಸ ಹೀರುತ್ತದೆ. ಸೀತಾಳೆ ದಂಡೆ ತೊಗಟೆಯನ್ನು ಬರೀ ಹಿಡಿದುಕೊಂಡಿರುತ್ತದೆ, ಅಷ್ಟೇ. ಹಾಗಾದರೆ ನೀರು ಎಲ್ಲಿಂದ? ಅದರ ದಪ್ಪ ಬೇರಿಗೆ ಒಂದು ಲೋಟ ನೀರು ಹೊಯ್ದು ನೋಡಿ. ಒಣಗಿದ್ದಾಗ ಬೂದು ಬೆಳ್ಳಗೆ ಇದ್ದ ಬೇರು ನೋಡನೋಡುತ್ತಲೇ ಹಸಿರಾಗುತ್ತದೆ. ಬೇರಿನ ಹೊರಪದರ ಒಳಗೆ ಟೊಳ್ಳಾದ ಸತ್ತ ಕೋಶಗಳದ್ದು, ಹೆಸರು ವೆಲಾಮೆನ್. ನೀರು ತಾಗಿದ ಕೂಡಲೇ ಅದನ್ನು ಹೀರಿ ಪಾರದರ್ಶಕವಾಗುತ್ತದೆ, ಆಗ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಮಳೆ, ಇಬ್ಬನಿ, ತೊಗಟೆ ಮೇಲೆ ಹರಿದು ಬರುವ ಕಸಕಡ್ಡಿಯ ಸಾರ, ಇಷ್ಟರಲ್ಲೇ ಇದರ ಸಂಸಾರ.

ಕಷ್ಟ ಇರುವುದು ಬೀಜದಲ್ಲಿ. ಆರ್ಕಿಡ್‌ನ ಒಂದೊಂದು ಕಾಯಿಯಲ್ಲೂ ಧೂಳಿನಂಥ ಸಾವಿರಾರು ಬೀಜ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಆದರೆ ಭತ್ತದಲ್ಲೋ ಅವರೆಯಲ್ಲೋ ಇರುವ ಹಾಗೆ ಮೊಳಕೆಗೆ ಬೇಕಾದ ಬುತ್ತಿ ಒಳಗೆ ಇರುವುದಿಲ್ಲ. ಗಾಳಿಯಲ್ಲಿ ತೇಲಿ ಹೋಗಿ ಸರಿಯಾದ ತೊಗಟೆ ಮೇಲೆ ಬೀಳಬೇಕು, ಅಲ್ಲಿ ಸರಿಯಾದ ಶಿಲೀಂಧ್ರ ಇರಬೇಕು, ಅದು ಬೀಜದೊಳಗೆ ಹೊಕ್ಕು ಊಟ ಕೊಡಬೇಕು, ಆಮೇಲೆ ಮೊಳಕೆ. ಬಹುಪಾಲು ಬೀಜ ಹಾಗೇ ಸಾಯುತ್ತದೆ. ಶಿಲೀಂಧ್ರದ ಹಂಗಿಲ್ಲದೆ ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯಂಥ ವಸ್ತುವಿನ ಮೇಲೆ ಆರ್ಕಿಡ್ ಬೀಜ ಮೊಳೆಯಿಸಬಹುದು ಅಂತ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದ. ಇವತ್ತಿನ ನರ್ಸರಿಗಳು ಬಾಟಲಿಯಲ್ಲಿ ಸಸಿ ಮಾಡುವುದು ಆ ದಾರಿಯಲ್ಲೇ. ಆದರೂ ಸಸಿ ಬೆಳೆದು ಹೂ ಕೊಡಲು ವರ್ಷಗಳೇ ಬೇಕು.

ಹಾಗಂತ ಹೂ ಮುಡಿಯುವುದೇ ತಪ್ಪು ಅನ್ನುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಗೊಂಚಲು ಮುರಿದರೆ ಆ ವರ್ಷದ ಬೀಜ ಹೋಗುತ್ತದೆ ನಿಜ, ಆದರೆ ಗಿಡ ಉಳಿಯುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ಹೂ ಬಿಡುತ್ತದೆ. ಗಿಡವನ್ನೇ ತೊಗಟೆಯಿಂದ ಕಿತ್ತು ಮಾರುವುದು ಬೇರೆ ವಿಷಯ. ಬೇರು ಹರಿದ ಗಿಡ ಬಾಲ್ಕನಿಯ ಕುಂಡದ ಮಣ್ಣಿನಲ್ಲಿ ಕೊಳೆತು ಸಾಯುವುದೇ ಜಾಸ್ತಿ. ರಸ್ತೆ ಅಗಲ ಮಾಡಲು ಉರುಳಿಸುವ ಹಳೇ ಮರಗಳಂತೂ ಮೈತುಂಬಾ ಹೊತ್ತ ಗಿಡಗಳನ್ನು ಒಟ್ಟಿಗೇ ಕರೆದುಕೊಂಡು ಹೋಗುತ್ತವೆ. ಅಸ್ಸಾಮಿನಲ್ಲಿ ಈಗ ಎಷ್ಟೋ ಹುಡುಗಿಯರು ಪ್ಲಾಸ್ಟಿಕ್ ಕೊಪೌ ಮುಡಿದು ಕುಣಿಯುತ್ತಾರೆ. ನೋಡಲು ಬೇಜಾರು, ಆದರೆ ಗಿಡಕ್ಕೆ ಅದೇ ಒಳ್ಳೆಯದು, ಅಲ್ವಾ?

ನಿಮ್ಮ ತೋಟದಲ್ಲೇ ಗಾಳಿಗೆ ಕೊಂಬೆ ಮುರಿದು ಬಿದ್ದು ಅದರಲ್ಲಿ ಸೀತಾಳೆ ದಂಡೆ ಇದ್ದರೆ ನೆಲದಲ್ಲೇ ಬಿಡಬೇಡಿ. ಬೇರು ಅಂಟಿದ ತೊಗಟೆ ಸಮೇತ ಎಬ್ಬಿಸಿ, ಒರಟು ತೊಗಟೆಯ ಇನ್ನೊಂದು ಮರಕ್ಕೆ, ನೆರಳು ಬಿಸಿಲು ಎರಡೂ ಬೀಳುವ ಕಡೆ, ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿ. ಮಣ್ಣು, ಗೊಬ್ಬರ ಏನೂ ಬೇಡ. ಹಗ್ಗ ಕೊಳೆಯುವ ಹೊತ್ತಿಗೆ ಹೊಸ ಬೇರು ಮರ ಹಿಡಿದಿರುತ್ತದೆ.